ದಂಡಿನ ಸರಬರಾಜು ಮತ್ತು ಅದರ ಹೊಣೆ: ಸಿರಾ–ಮಧುಗಿರಿ ಸೀಮೆಯಿಂದ ಬಸ್ರಾದವರೆಗೆ

ಯುದ್ಧಕ್ಕೆ ಹೊರಟ ಸೇನೆಗೆ ದವಸ, ಮೇವು, ನೀರು, ಮದ್ದುಗುಂಡು, ಬಟ್ಟೆಬರೆ, ಔಷಧಿಗಳನ್ನು ಕೂಡಿಸಿ, ಸಾಗಿಸಿ, ಹಂಚುವ ವ್ಯವಸ್ಥೆಗೆ ದಂಡಿನ ಸರಬರಾಜು ಎಂದು ಹೆಸರು. ಸ್ವಂತ ನೆಲದಲ್ಲಿ ಇದು ಬಹುಮಟ್ಟಿಗೆ ಹಣದ ಮತ್ತು ಲೆಕ್ಕಪತ್ರದ ಕೆಲಸ. ಪರರ ನೆಲದಲ್ಲಿ, ಅದರಲ್ಲೂ ಶತ್ರು ದಾರಿ ಕಡಿಯಲು ಹೊಂಚು ಹಾಕಿರುವ ಕಡೆ, ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಲ್ಲಿ ಪ್ರತಿ ಹೇರಿಗೂ ಕಾವಲು ಬೇಕು, ಆ ಕಾವಲಿನವರಿಗೂ ಊಟ ಬೇಕು. ಮೂಟೆ ತಲುಪದೆ ಹೋದಾಗ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡದ ಸೇನೆಗಳು ಹಸಿದಿವೆ, ಕೆಲವು ಸೋತೂ ಇವೆ. ಮೈಸೂರು ಸೀಮೆ ಈ ಪಾಠವನ್ನು ಎರಡು ಕಡೆಯಿಂದ ಕಂಡಿದೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಅದು ಪರರ ದಂಡುಗಳು ಬಂದು ಹಸಿದ ನೆಲ. ಆಮೇಲೆ ಅದೇ ನೆಲದ ಎತ್ತು, ಆಳು, ಹಣ ಪರರ ಯುದ್ಧಗಳಿಗೆ ಹೋದವು.

ಸೀಮೆ, ಕಣಜ, ಹಗೇವು

ಕೊರಟಗೆರೆ ತಾಲ್ಲೂಕಿನ ಕೊಳಾಲದಿಂದ ಉತ್ತರಕ್ಕೆ ಮಧುಗಿರಿ, ಸಿರಾ, ಪಾವಗಡದವರೆಗಿನ ಪ್ರದೇಶ ಮಳೆ ಕಡಿಮೆಯ ಬಯಲು ಮತ್ತು ಬಂಡೆಗುಡ್ಡಗಳ ನಾಡು. ರಾಗಿ, ಹುರುಳಿ, ಜೋಳ ಇಲ್ಲಿಯ ಹಳೆಯ ಬೆಳೆಗಳು. ಭತ್ತ ಕೆರೆಯ ಹಿಂದೆ ಮಾತ್ರ. ಪೂರ್ವ ಕರಾವಳಿಯಿಂದ ಅಕ್ಕಿ ಉಣ್ಣುವ ಸಿಪಾಯಿಗಳನ್ನು ಕರೆತಂದವರು ಅಕ್ಕಿಯನ್ನೂ ಬೆನ್ನ ಮೇಲೆ ಹೊತ್ತು ತರಬೇಕಾಗಿತ್ತು. ಬೆಳೆದ ರಾಗಿಯನ್ನು ರೈತರು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮುಚ್ಚುತ್ತಿದ್ದರು. ಹುಳ ಹಿಡಿಯದ ರಾಗಿ ಅಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಎಲ್ಲಿ ಹೂತಿದೆ ಎಂಬುದು ಊರವರಿಗೆ ಮಾತ್ರ ಗೊತ್ತು. ಹೊರಗಿನಿಂದ ಬಂದ ದಂಡಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇರಲಿಲ್ಲ.

ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡಗಳ ಬೆಟ್ಟದ ಕೋಟೆಗಳನ್ನು ಈಗ ಚಾರಣಿಗರು ಗೋಡೆ ಬಾಗಿಲುಗಳಿಗಾಗಿ ನೋಡುತ್ತಾರೆ. ಕಟ್ಟಿದವರು ಅವುಗಳನ್ನು ಅಳೆಯುತ್ತಿದ್ದದ್ದು ಕಣಜ ಮತ್ತು ದೊಣೆಗಳಿಂದ. ಎಷ್ಟು ತಿಂಗಳ ದವಸ, ಎಷ್ಟು ತಿಂಗಳ ನೀರು ಎಂಬುದೇ ಕೋಟೆಯ ನಿಜವಾದ ಬಲ. ಪಾಳೆಯಗಾರರ ಕಾಲದಲ್ಲಿ ಹೊಣೆಯ ಹಂಚಿಕೆ ಸರಳವಾಗಿತ್ತು. ಭೂಮಿ ಪಡೆದವನು ಕರೆದಾಗ ಆಳು ತರಬೇಕು, ತಂದ ಆಳಿನ ಬುತ್ತಿಯೂ ಅವನದೇ. ಚಿಕ್ಕದೇವರಾಜ ಒಡೆಯರು 1678ರ ಸುಮಾರಿಗೆ ಮಧುಗಿರಿ ಭಾಗವನ್ನು ಮೈಸೂರಿಗೆ ಸೇರಿಸಿಕೊಂಡ ಮೇಲೆ ಈ ಕಟ್ಟು ಸಡಿಲವಾಗಿ, ದಂಡಿನ ಊಟ ಅರಮನೆಯ ಬಾಬ್ತಾಗುತ್ತ ಬಂತು. ಮಧುಗಿರಿಯ ಗ್ರಾಮದೇವತೆಗೆ ಇಂದಿಗೂ ದಂಡಿನ ಮಾರಮ್ಮ ಎಂದೇ ಹೆಸರು. ಈ ದಾರಿಯಲ್ಲಿ ದಂಡುಗಳು ಎಷ್ಟು ಸಲ ಹಾದುಹೋಗಿವೆ ಎನ್ನುವುದಕ್ಕೆ ಬೇರೆ ಶಾಸನ ಹುಡುಕಬೇಕಾಗಿಲ್ಲ.

ದೊಡ್ಡೇರಿ, 1695

1687ರಲ್ಲಿ ಮೊಗಲರು ಸಿರಾವನ್ನು ಸುಬಾದ ಕೇಂದ್ರ ಮಾಡಿ ಖಾಸಿಂ ಖಾನನನ್ನು ಅಧಿಕಾರಿಯಾಗಿ ನೇಮಿಸಿದರು. ಎಂಟು ವರ್ಷಗಳ ನಂತರ ಸಿರಾಕ್ಕೆ ಉತ್ತರದಲ್ಲಿ, ಈಗಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಅವನ ಅಂತ್ಯವಾಯಿತು. ಮರಾಠರ ಸಂತಾಜಿ ಘೋರ್ಪಡೆಯನ್ನು ತಡೆಯಲು ಔರಂಗಜೇಬನು ಖಾನಾಜಾದ್ ಖಾನ್ ಮೊದಲಾದ ಸರದಾರರನ್ನು ದೊಡ್ಡ ಪಡೆಯೊಂದಿಗೆ ಕಳಿಸಿದ್ದ. ಆಸ್ಥಾನದ ಅತಿಥಿಗಳಿಗೆ ಸತ್ಕಾರ ಮಾಡುವ ಉಮೇದಿನಲ್ಲಿ ಖಾಸಿಂ ಖಾನನು ಬೆಲೆಬಾಳುವ ಗುಡಾರ, ಪಾತ್ರೆ, ಸಾಮಾನುಗಳನ್ನು ಮುಂದಿನ ಬೀಡಿಗೆ, ಕೆಲವು ಹರದಾರಿ ದೂರಕ್ಕೆ, ಸೇನೆಗಿಂತ ಮೊದಲೇ ರವಾನಿಸಿದ. ಸಂತಾಜಿ ತನ್ನ ಕುದುರೆಯವರನ್ನು ಮೂರು ಪಾಲು ಮಾಡಿದ. ಒಂದು ಪಾಲು ಗುಡಾರಗಳ ಮೇಲೆ ಬಿತ್ತು, ಒಂದು ಪಾಲು ರಕ್ಷಣೆಗೆ ಓಡಿಬಂದ ಮೊಗಲರನ್ನು ಎದುರಿಸಿತು, ಮೂರನೆಯದು ಕಾದು ನಿಂತಿತು.

ಬೀಡನ್ನು ಕಳೆದುಕೊಂಡ ಸೇನೆ ದೊಡ್ಡೇರಿಯ ಸಣ್ಣ ಕೋಟೆಯತ್ತ ಸರಿಯಿತು. ಕೋಟೆಯಲ್ಲಿದ್ದ ಕಾಳು ಊರಿಗೆ ಸಾಲುವಷ್ಟು, ಸಾಮ್ರಾಜ್ಯದ ದಂಡಿಗಲ್ಲ. ಮೊದಲೆರಡು ದಿನ ಜೋಳ ಸಜ್ಜೆಯ ರೊಟ್ಟಿ ಸಿಕ್ಕಿತು, ಆಮೇಲೆ ಅದೂ ಇಲ್ಲ. ಕುದುರೆ ಒಂಟೆಗಳಿಗೆ ಮನೆಗಳ ಸೂರಿನ ಹುಲ್ಲು ಕಿತ್ತು ಹಾಕಿದರು. ಖಾಸಿಂ ಖಾನ್ ಅಲ್ಲೇ ಸತ್ತ. ಅಫೀಮು ಸಿಗದೆ ಸತ್ತನೆಂದು ಕೆಲವರು, ಅವಮಾನಕ್ಕೆ ಅಂಜಿ ವಿಷ ಕುಡಿದನೆಂದು ಕೆಲವರು ಬರೆದಿದ್ದಾರೆ. ಉಳಿದವರು ದಂಡ ಒಪ್ಪಿಕೊಂಡು, ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು ಹೊರಬಂದರು.

ಇದನ್ನು ಸಂತಾಜಿಯ ಚಾತುರ್ಯದ ಕತೆಯಾಗಿ ಹೇಳುವುದು ವಾಡಿಕೆ. ಚಾತುರ್ಯ ಇತ್ತು, ನಿಜ. ಆದರೆ ಸಾಮಾನಿನ ಬಂಡಿಗಳನ್ನು ಬೆಂಗಾವಲಿಲ್ಲದೆ ಮುಂದೆ ಕಳಿಸುವ ತೀರ್ಮಾನ ಆತಿಥೇಯನದು, ಯುದ್ಧದ ತೀರ್ಮಾನ ಅತಿಥಿಗಳದು, ಕೋಟೆಯ ಕಾಳಿನ ಲೆಕ್ಕ ಇಬ್ಬರದೂ ಅಲ್ಲ. ಮುಂದೆ ಮತ್ತೆ ಮತ್ತೆ ಕಾಣುವ ಚಹರೆ ಇದು.

1791ರ ಬೇಸಿಗೆ

ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆಯ ಮುಖ್ಯಸ್ಥನಾಗಿ ಬಂದು 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ. ಮೇ ಮೊದಲ ವಾರ ಶ್ರೀರಂಗಪಟ್ಟಣದ ಕಡೆ ಹೊರಟ. ಅವನ ಜೊತೆ ನಿಜಾಮನ ಸಾವಿರಾರು ಕುದುರೆಗಳಿದ್ದವು. ಇವು ಯುದ್ಧದಲ್ಲಿ ಮಾಡಿದ್ದು ಕಡಿಮೆ, ತಿಂದದ್ದು ಹೆಚ್ಚು. ತೋಪು ಎಳೆಯುವ ಎತ್ತುಗಳಲ್ಲಿ ಬಹುಪಾಲು ಬಾಡಿಗೆಯವು. ಎತ್ತಿನ ಯೋಗಕ್ಷೇಮ ಗುತ್ತಿಗೆದಾರನದು, ಎತ್ತು ಎಲ್ಲಿಗೆ ಹೋಗಬೇಕೆಂಬುದು ದಳಪತಿಯದು, ಸತ್ತರೆ ನಷ್ಟ ಯಾರದು ಎಂಬುದು ಕರಾರಿನ ಜಗಳ. ಇತ್ತ ಟಿಪ್ಪು ದಾರಿಯ ಹಳ್ಳಿಗಳನ್ನು ಖಾಲಿ ಮಾಡಿಸಿ, ಹುಲ್ಲು ಸುಡಿಸಿ, ದನಗಳನ್ನು ಹೊಡೆಸಿದ್ದ. ಹಗೇವುಗಳ ಬಾಯಿ ತೋರಿಸಲು ಊರಲ್ಲಿ ಜನರೇ ಇರಲಿಲ್ಲ.

ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದ ಮೇಲೆ ಮುಂದೆ ಹೋಗಲಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ರೋಗ ಮತ್ತು ಹಸಿವಿನಿಂದ ಸಾಲುಸಾಲಾಗಿ ಬಿದ್ದವು, ಕನ್ನಂಬಾಡಿಯವರೆಗೆ ಭಾರಿ ತೋಪುಗಳನ್ನು ಎಷ್ಟೋ ದೂರ ಸಿಪಾಯಿಗಳೇ ಎಳೆದರು. ಮೇ 22ರಂದು ಮುತ್ತಿಗೆಯ ತೋಪುಗಳನ್ನು ಅವನು ತನ್ನ ಕೈಯಾರೆ ನಾಶ ಮಾಡಿಸಿದ. ಕೊಡಗಿನ ಕಡೆಯಿಂದ ಪಿರಿಯಾಪಟ್ಟಣಕ್ಕೆ ಬಂದಿದ್ದ ಇನ್ನೊಂದು ಇಂಗ್ಲಿಷ್ ಪಡೆಯ ದಳಪತಿ ಅಬರ್‌ಕ್ರಾಂಬಿಗೂ ಹಿಂದಿರುಗಲು ಹೇಳಿ ಕಳಿಸಿದ. ಮೇ 26ರಂದು ಸೇನೆ ಬೆಂಗಳೂರಿನತ್ತ ಮುಖ ಮಾಡಿತು.

ಹೊರಟ ದಿನವೇ ದೂರದಲ್ಲಿ ಕುದುರೆಯವರ ದಂಡು ಕಂಡಿತು. ಟಿಪ್ಪುವಿನವರೆಂದು ಇಂಗ್ಲಿಷರು ಗುಂಡು ಹಾರಿಸಲು ಸಿದ್ಧರಾದರು. ಬಂದವರು ಹರಿಪಂತ ಫಡಕೆ ಮತ್ತು ಪರಶುರಾಮ ಭಾವು ನಡೆಸುತ್ತಿದ್ದ ಮರಾಠರು! ಸಿರಾ ಈ ದಾರಿಯಲ್ಲೇ ಅವರ ವಶವಾಗಿತ್ತು. ಮಿತ್ರಸೇನೆ ಒಂದು ದಿನದ ಹಾದಿಯಷ್ಟು ಹತ್ತಿರ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಸುಳಿವಿರಲಿಲ್ಲ, ಏಕೆಂದರೆ ಎರಡು ಕಡೆಯ ಹರಕಾರರನ್ನೂ ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿದು ಹಾಕುತ್ತಿದ್ದರು. ನಾಲ್ಕು ದಿನ ಮೊದಲು ಈ ಸುದ್ದಿ ಮುಟ್ಟಿದ್ದರೆ ತೋಪುಗಳು ಉಳಿಯುತ್ತಿದ್ದವು. ಸುದ್ದಿಯನ್ನು ಸರಬರಾಜಿನ ಲೆಕ್ಕಕ್ಕೆ ಸೇರಿಸದವರು ಈ ಒಂದು ವಾರವನ್ನು ಗಮನಿಸಬೇಕು.

ಮರಾಠರ ಪಾಳೆಯದ ಸಂತೆಯನ್ನು ಕಂಡು ಹಸಿದ ಇಂಗ್ಲಿಷರು ಬೆರಗಾದರು. ಕಾಳುಕಡ್ಡಿ, ಕುರಿ, ಕೋಳಿ, ಕೊಂಕಣದ ಒಣಮೀನು, ಕಾಶ್ಮೀರದ ಶಾಲು, ಇಂಗ್ಲೆಂಡಿನ ಬನಾತು ಬಟ್ಟೆ, ಹಳ್ಳಿಯ ಹೆಣ್ಣುಮಕ್ಕಳ ಕಿವಿಯಿಂದ ಕಿತ್ತ ಬೆಳ್ಳಿಯ ಓಲೆ, ಎಲ್ಲವೂ ಅಲ್ಲಿ ಮಾರಾಟಕ್ಕಿತ್ತು. ಬೆಲೆ ಮಾತ್ರ ಬಾಯಿಗೆ ಬಂದಷ್ಟು. ಮರಾಠರ ಪದ್ಧತಿಯಲ್ಲಿ ಸೈನಿಕನ ಊಟ ಸರ್ಕಾರದ ಹೊಣೆಯಲ್ಲ. ವ್ಯಾಪಾರಿಗಳು ದಂಡಿನ ಜೊತೆ ನಡೆಯುತ್ತಾರೆ, ಸೈನಿಕ ತನ್ನ ಸಂಬಳದಲ್ಲಿ ಕೊಳ್ಳುತ್ತಾನೆ, ಸಂಬಳ ತಡವಾದರೆ ದೋಚುತ್ತಾನೆ. ಈ ಪದ್ಧತಿಯಲ್ಲಿ ದಂಡು ಹಸಿಯುವುದು ಅಪರೂಪ. ಅದರ ಖರ್ಚು ದಾರಿಯ ಊರುಗಳ ಮೇಲೆ ಬೀಳುತ್ತದೆ. ಪರಶುರಾಮ ಭಾವುವಿನ ದಂಡಿನ ಜೊತೆಗಿದ್ದ ಪಿಂಡಾರಿಗಳು ಅದೇ ವರ್ಷ ಶೃಂಗೇರಿ ಮಠವನ್ನೇ ಕೊಳ್ಳೆ ಹೊಡೆದರು. ಹೊಣೆಯನ್ನು ಸಂತೆಗೆ ವಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಮಳೆಗಾಲ ಕಳೆಯುವುದರೊಳಗೆ ಕಾರ್ನ್‌ವಾಲಿಸ್ ಪದ್ಧತಿಯನ್ನು ತಿರುಗಿಸಿದ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನಿಗೆ ಸುದ್ದಿ ಸಂಗ್ರಹ ಮತ್ತು ದವಸ ಸಂಗ್ರಹ ಎರಡನ್ನೂ ಒಪ್ಪಿಸಿದ. ರೀಡ್ ಲಂಬಾಣಿಗಳನ್ನು ಕರೆಸಿಕೊಂಡ. ಹೇರೆತ್ತುಗಳ ಹಿಂಡುಗಳೊಂದಿಗೆ ದಕ್ಷಿಣಾಪಥವನ್ನೆಲ್ಲ ಸುತ್ತುತ್ತಿದ್ದ ಈ ಜನ ಯಾವ ದೊರೆಗೂ ಸೇರಿದವರಲ್ಲ. ಕೈಮೇಲೆ ಹಣ ಕೊಟ್ಟವರಿಗೆ ಕಾಳು ಮಾರುತ್ತಿದ್ದರು, ಎಲ್ಲ ಸೇನೆಗಳಿಗೂ ಬೇಕಾದವರಾದ್ದರಿಂದ ಅವರನ್ನು ಸಾಮಾನ್ಯವಾಗಿ ಯಾರೂ ಮುಟ್ಟುತ್ತಿರಲಿಲ್ಲ. ಅದರ ಜೊತೆಗೆ ದಾರಿಯ ದುರ್ಗಗಳನ್ನು ಒಂದೊಂದಾಗಿ ಹಿಡಿಯಲಾಯಿತು. ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಬೆನ್ನಿಗೇ ಹುತ್ರಿದುರ್ಗ. ಹುತ್ರಿದುರ್ಗ ಮುಂದಿನ ಉಗ್ರಾಣವಾಯಿತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಬಿದ್ದ ಸೇನೆ ಹಿಂದಿನ ಮೇ ತಿಂಗಳ ಸೇನೆಗಿಂತ ಹೆಚ್ಚು ಶೂರವೇನಲ್ಲ, ಹೊಟ್ಟೆ ತುಂಬಿದ್ದು ಅಷ್ಟೆ.

1799ರಲ್ಲಿ ಜನರಲ್ ಹ್ಯಾರಿಸ್ ಇದನ್ನೆಲ್ಲ ಮರೆತಂತೆ ಕಾಣುತ್ತದೆ. ಶ್ರೀರಂಗಪಟ್ಟಣದ ಮುತ್ತಿಗೆಯ ನಡುವೆ, ಏಪ್ರಿಲ್ 16ರಂದು, ಅಕ್ಕಿ ಅಳೆದು ನೋಡಿದಾಗ ಹೋರಾಡುವ ಆಳುಗಳಿಗೆ ಅರ್ಧ ಪಡಿಯಂತೆ ಹದಿನೆಂಟು ದಿನಕ್ಕಷ್ಟೇ ಉಳಿದಿತ್ತು. ಹೊರಟಾಗ ಬರೆದ ಲೆಕ್ಕಕ್ಕೂ ಕೊಳಗಕ್ಕೂ ತಾಳೆಯಾಗಲಿಲ್ಲ. ಮೇ 4ರ ದಾಳಿಯ ದಿನಾಂಕವನ್ನು ಒಂದು ರೀತಿಯಲ್ಲಿ ಈ ಅಕ್ಕಿಯೇ ಗೊತ್ತುಮಾಡಿತು.

ಅಮೃತಮಹಲ್

ಎದುರು ಪಕ್ಷವಾದ ಮೈಸೂರಿನ ವ್ಯವಸ್ಥೆ ಇದಕ್ಕಿಂತ ಬೇರೆಯಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಅರಮನೆಯ ಹಾಲು ಬೆಣ್ಣೆಯ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಹೈದರ್ ಅಲಿ ಅದರ ಹಿಂಡುಗಳನ್ನು ತೋಪು ಮತ್ತು ಸಾಮಾನು ಎಳೆಯಲು ಹಚ್ಚಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹುಕುಂನಾಮೆ ಹೊರಡಿಸಿ, ಹಿಂಡುಗಳ ಎಣಿಕೆ, ಕರುಗಳ ಆಯ್ಕೆ, ಪಳಗಿಸುವಿಕೆಗೆ ನಿಯಮ ಮಾಡಿದ. ರಾಜ್ಯದ ತುಂಬ ಹರಡಿದ್ದ ಹುಲ್ಲುಗಾವಲುಗಳು ಕಾವಲುಗಳೆಂದು ಮೀಸಲಾದವು. ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲು. ಬೇಸಿಗೆಯವು ಸಾಮಾನ್ಯವಾಗಿ ನೆರಳು ಮತ್ತು ಕೆರೆಯಂಗಳದ ಹಸಿರು ಇರುವ ಕಡೆ. ಹಿಂಡಿನ ಮೇಲ್ವಿಚಾರಣೆ ಸೇರ್ವೇಗಾರರದು. ಹೋರಿಗೆ ಐದು ವರ್ಷವಾದಾಗ ಬೀಜ ಒಡೆಯುತ್ತಿದ್ದರು, ಏಳರಿಂದ ಹನ್ನೆರಡರವರೆಗೆ ಅದು ಪೂರ್ಣ ದುಡಿಮೆಯ ಎತ್ತು.

ಈ ವ್ಯವಸ್ಥೆಯ ಸತ್ವ ಎತ್ತಿನ ತಳಿಯಲ್ಲಿ ಮಾತ್ರ ಇರಲಿಲ್ಲ. ಎತ್ತು ಹುಟ್ಟಿದ ಕಾವಲಿನಿಂದ ಅದು ಸಾಯುವ ತೋಪಿನ ನೊಗದವರೆಗೆ ಒಂದೇ ಇಲಾಖೆ ಉತ್ತರ ಹೇಳಬೇಕಾಗಿತ್ತು. 1783ರಲ್ಲಿ ಟಿಪ್ಪು ಮಂಗಳೂರು, ಬಿದನೂರಿನ ಕಡೆಗೆ ನಡೆಸಿದ ವೇಗದ ನಡಿಗೆಗಳಿಗೆ ಈ ಎತ್ತುಗಳೇ ಕಾರಣವೆಂದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ಒಪ್ಪಿದ್ದಾರೆ. ಟಿಪ್ಪುವಿನ ಬಳಿ ಖಜಾನೆ ಮತ್ತು ದಂಡಿನ ಸರಬರಾಜು ನೋಡುತ್ತಿದ್ದ ಪೂರ್ಣಯ್ಯ 1799ರ ನಂತರ ದಿವಾನರಾದರು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಹರಿಹರದ ದಾರಿಯಾಗಿ ಮರಾಠರ ಮೇಲೆ ಹೊರಟಾಗ ಅವನ ಎತ್ತು, ದವಸಗಳ ಹಿಂದೆ ಇದ್ದವರೂ ಅವರೇ. ಬಾಡಿಗೆ ಎತ್ತಿಗಿಂತ ಸರ್ಕಾರದ ಎತ್ತೇ ಅಗ್ಗ ಎಂದು ವೆಲ್ಲೆಸ್ಲಿ ಕೊನೆಯವರೆಗೂ ನಂಬಿದ್ದ. ಸ್ಪೇನಿನ ಯುದ್ಧಗಳಲ್ಲಿ ಮೈಸೂರಿನ ಎತ್ತುಗಳನ್ನು ನೆನೆಸಿಕೊಂಡನೆಂಬುದು ಪ್ರಸಿದ್ಧ.

ಆಮೇಲಿನ ಚರಿತ್ರೆ ಕೈ ಬದಲಾದದ್ದರ ಚರಿತ್ರೆ. ಹಿಂಡುಗಳನ್ನು ಮೊದಲು ಮೈಸೂರು ಅರಮನೆಗೆ ವಹಿಸಲಾಯಿತು. ಬೇಕಾದದ್ದು ಕಂಪನಿಯ ಸೇನೆಗೆ, ಸಾಕುವ ಖರ್ಚು ಅರಮನೆಗೆ, ಹೀಗಾಗಿ ತಳಿ ಕೆಟ್ಟಿತು. 1813ರಲ್ಲಿ ಮದರಾಸಿನ ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಸುಧಾರಿಸಿತು. 1842ರಲ್ಲಿ ಅಫ್ಘಾನಿಸ್ತಾನಕ್ಕೂ ಈ ಎತ್ತುಗಳು ಹೋಗಿ, ಬೇರೆ ದನಗಳು ಕೈಚೆಲ್ಲಿದ ಕಡೆ ನೊಗ ಎಳೆದವು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಹಿಂಡುಗಳನ್ನು ಹರಾಜು ಹಾಕಿಸಿದ. ಒಂದು ಪಾಲು ಈಜಿಪ್ಟಿನ ಪಾಶಾನಿಗೂ ಹೋಯಿತು. ಹತ್ತು ವರ್ಷ ತುಂಬುವ ಮೊದಲೇ ತಪ್ಪು ಅರಿವಾಗಿ ಮತ್ತೆ ಹಿಂಡು ಕಟ್ಟಬೇಕಾಯಿತು. 1923ರ ಹೊತ್ತಿಗೆ ಇಲಾಖೆ ಸೇನೆಯ ನಂಟು ಕಳಚಿಕೊಂಡು ಮೈಸೂರಿನ ಕೃಷಿ ಆಡಳಿತದ ಭಾಗವಾಗಿತ್ತು. ಈಗ ತಳಿ ಸಂವರ್ಧನೆಯ ಕೇಂದ್ರ ಅಜ್ಜಂಪುರದಲ್ಲಿದೆ. ಇದರ ಬಂಧು ತಳಿ ಹಳ್ಳಿಕಾರ್ ಇಂದಿಗೂ ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ದನಗಳ ಜಾತ್ರೆಯಲ್ಲಿ ಮೆರೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿನ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದ್ದು, ಅಲ್ಲಿ 2017ರಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾ ನೆಲೆ ಆರಂಭವಾಯಿತು. ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದೂ ಆಯಿತು.

ಮೆಸೊಪೊಟೇಮಿಯಾ, 1914–1917

ಹೊರದೇಶದ ಯುದ್ಧದಲ್ಲಿ ಸರಬರಾಜಿನ ಹೊಣೆ ಯಾರದೆಂದು ಅಧಿಕೃತವಾಗಿ ವಿಚಾರಣೆ ನಡೆದ ದೊಡ್ಡ ಪ್ರಕರಣ ಮೊದಲ ಮಹಾಯುದ್ಧದ ಕಾಲದ ಭಾರತೀಯ ಸೇನೆಯದೇ. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳು ಟೈಗ್ರಿಸ್ ದಂಡೆಯಲ್ಲಿ ದುಡಿದವು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಈಜಿಪ್ಟ್, ಪ್ಯಾಲೆಸ್ಟೈನಿಗೆ ಹೋಗಿ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೆಸರು ಮಾಡಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧಕ್ಕಾಗಿ 50 ಲಕ್ಷ ರೂಪಾಯಿ ಕೊಟ್ಟರು. ಸಂಸ್ಥಾನಕ್ಕೆ ತನ್ನದೇ ಸಾಗಣೆ ದಳವೂ ಇತ್ತು.

1914ರ ನವೆಂಬರಿನಲ್ಲಿ ಭಾರತದಿಂದ ಹೋದ ಪಡೆ ತುರ್ಕರ ಕೈಯಲ್ಲಿದ್ದ ಬಸ್ರಾ ಹಿಡಿಯಿತು. ಬಸ್ರಾದಲ್ಲಿ ಹಡಗು ಕಟ್ಟೆಗಳಿರಲಿಲ್ಲ. ದೊಡ್ಡ ಹಡಗುಗಳು ನದಿಯ ನಡುವೆ ನಿಂತು ದೋಣಿಗಳಿಗೆ ಸಾಮಾನು ಇಳಿಸುತ್ತ ವಾರಗಟ್ಟಲೆ ಕಾಯುತ್ತಿದ್ದವು. ಅಲ್ಲಿಂದ ಮೇಲಕ್ಕೆ ರೈಲಿಲ್ಲ, ಗಟ್ಟಿ ರಸ್ತೆಯಿಲ್ಲ. ಸೇನೆ ಎಷ್ಟು ಮುಂದೆ ಹೋಗಬಹುದು ಎಂಬುದು ಕಡಿಮೆ ನೀರಿನಲ್ಲಿ ಓಡಬಲ್ಲ ಸ್ಟೀಮರುಗಳ ಸಂಖ್ಯೆಯ ಮೇಲೆ ನಿಂತಿತ್ತು. ಅಲ್ಲಿಯ ಸೇನೆಯ ಮುಖ್ಯಸ್ಥ ಜನರಲ್ ನಿಕ್ಸನ್ ಸ್ಟೀಮರು ಬೇಕೆಂದು 1915ರಲ್ಲಿ ಬರೆದ, ಅವು ಬರುವ ಮೊದಲೇ ತನ್ನ ಕೈಕೆಳಗಿನ ದಳಪತಿ ಟೌನ್‌ಶೆಂಡನನ್ನು ಬಾಗ್ದಾದಿನತ್ತ ನಡೆಸಿದ. ನವೆಂಬರಿನಲ್ಲಿ ಟೆಸಿಫೋನ್ ಬಳಿ ಸೇನೆ ಮುಗ್ಗರಿಸಿತು.

ಗಾಯಾಳುಗಳು ದೋಣಿಗಳಲ್ಲಿ ಬಸ್ರಾಕ್ಕೆ ಬಂದರು. ಮೆಜಿದಿಯೆ ಎಂಬ ಸ್ಟೀಮರು ದಡ ಸೇರುವಾಗ ಮೇಜರ್ ಕಾರ್ಟರ್ ಎಂಬ ವೈದ್ಯಾಧಿಕಾರಿಗೆ ಅದರ ಬದಿಗಳಿಂದ ಹಗ್ಗಗಳು ಜೋತುಬಿದ್ದಂತೆ ಕಂಡಿತು. ಹತ್ತಿರ ಬಂದಾಗ ಗೊತ್ತಾಯಿತು, ಅದು ಒಣಗಿ ಹೆಪ್ಪುಗಟ್ಟಿದ ಮಲ. ಕೈಕಾಲು ಮುರಿದವರು, ಭೇದಿಯಾದವರು ದಿನಗಟ್ಟಲೆ ಡೆಕ್ಕಿನ ಮೇಲೆ ಒತ್ತೊತ್ತಾಗಿ ಬಿದ್ದಿದ್ದರು. ಕಾರ್ಟರ್ ಇದನ್ನು ವರದಿ ಮಾಡಿದ. ಮೇಲಿನವರು ಅವನನ್ನು ಬಂಧಿಸುವುದಾಗಿ ಬೆದರಿಸಿದರು. ಗಾಯಾಳುಗಳ ಸ್ಥಿತಿ ತೃಪ್ತಿಕರ ಎಂಬ ತಂತಿ ಅಷ್ಟರಲ್ಲಿ ಭಾರತಕ್ಕೆ ಹೋಗಿತ್ತು.

ಟೌನ್‌ಶೆಂಡನ ಪಡೆ ಕುತ್ ಊರಿನಲ್ಲಿ 1915ರ ಡಿಸೆಂಬರ್ 7ರಿಂದ ಮುತ್ತಿಗೆಗೆ ಸಿಕ್ಕಿತು. ಕುದುರೆ ಮಾಂಸ ತಿನ್ನಲು ಭಾರತೀಯ ಸಿಪಾಯಿಗಳು ಬಹುಕಾಲ ಒಪ್ಪಲಿಲ್ಲ, ಅವರ ಹಿಟ್ಟಿನ ಪಡಿ ಇಳಿಯುತ್ತ ಹೋಯಿತು, ಸ್ಕರ್ವಿ ಹರಡಿತು. ವಿಮಾನದಿಂದ ಮೂಟೆ ಎಸೆದರು, ಸಾಲಲಿಲ್ಲ. ಏಪ್ರಿಲ್ 24ರಂದು 270 ಟನ್ ಸಾಮಾನಿನೊಂದಿಗೆ ಜುಲ್ನಾರ್ ಎಂಬ ಹಡಗು ಕತ್ತಲಲ್ಲಿ ನುಗ್ಗಲು ಹೋಗಿ ಸಿಕ್ಕಿಬಿತ್ತು. 29ರಂದು ಸುಮಾರು 13,000 ಮಂದಿ ಶರಣಾದರು.

1916ರಲ್ಲಿ ನೇಮಕವಾದ ಮೆಸೊಪೊಟೇಮಿಯಾ ಆಯೋಗದ ವರದಿ 1917ರ ಜೂನ್ ಕೊನೆಗೆ ಪ್ರಕಟವಾಯಿತು. ಹೊಣೆಯ ಅತಿ ಭಾರವಾದ ಪಾಲನ್ನು ಅದು ನಿಕ್ಸನ್ ಮೇಲೆ ಹೊರಿಸಿತು. ಅವನ ನಂತರ ವೈಸರಾಯ್ ಹಾರ್ಡಿಂಜ್, ದಂಡನಾಯಕ ಬೋಷಾಂ ಡಫ್, ಲಂಡನ್ನಿನ ಇಂಡಿಯಾ ಆಫೀಸು, ಅಲ್ಲಿಯ ಯುದ್ಧ ಸಮಿತಿ. ಭಾರತ ವ್ಯವಹಾರಗಳ ಮಂತ್ರಿ ಆಸ್ಟಿನ್ ಚೇಂಬರ್‌ಲೇನ್ ಜುಲೈನಲ್ಲಿ ರಾಜೀನಾಮೆ ಕೊಟ್ಟ. ನ್ಯಾಯಾಂಗ ವಿಚಾರಣೆಯ ಮಾತು ಎದ್ದು ಅಡಗಿತು.

ಆಯೋಗ ಮುಟ್ಟಿದ ಆಳದ ಸಂಗತಿ ಬೇರೆ. ಮೊದಲು ಭಾರತದಲ್ಲಿ ಸೇನೆ ನಡೆಸುವವನು ಒಬ್ಬ, ಅದರ ಖರ್ಚು ಸರಬರಾಜು ನೋಡುವ ಸದಸ್ಯ ಇನ್ನೊಬ್ಬ. ವೈಸರಾಯ್ ಕರ್ಜನ್ ಮತ್ತು ದಂಡನಾಯಕ ಕಿಚನರ್ ನಡುವಿನ ಜಗಳದ ನಂತರ ಆ ಎರಡನೆಯ ಹುದ್ದೆಯನ್ನು ಕುಗ್ಗಿಸಿ, 1909ರಲ್ಲಿ ಪೂರಾ ರದ್ದು ಮಾಡಿದರು. ಎರಡೂ ಕೆಲಸ ಸಿಮ್ಲಾದಲ್ಲಿ ಕುಳಿತ ಒಬ್ಬನ ತಲೆಗೆ ಬಂತು. ಕಾರ್ನ್‌ವಾಲಿಸನ ದಂಡು ಹೊಣೆ ಹರಿದುಹಂಚಿ ಕೆಟ್ಟಿತು, ಡಫ್‌ನ ದಂಡು ಹೊಣೆ ಒಬ್ಬನಲ್ಲೇ ಗುಡ್ಡೆಬಿದ್ದು ಕೆಟ್ಟಿತು. ಹಾಗಾಗಿ ಹೊಣೆ ಒಂದೇ ಕೈಯಲ್ಲಿದ್ದರೆ ಸಾಕು ಎಂಬ ವಾದ ಅರ್ಧ ಮಾತ್ರ ಸರಿ. ಆ ಕೈ ದೋಣಿಗಳನ್ನು ಎಣಿಸಬಲ್ಲಷ್ಟು ಹತ್ತಿರವಿರಬೇಕು, ಸಾಮಾನು ಸಾಲದು, ಮುಂದೆ ಹೋಗಬೇಡಿ ಎಂದು ದಳಪತಿಗೆ ಹೇಳುವ ಅಧಿಕಾರವೂ ಅದಕ್ಕಿರಬೇಕು. ಬ್ರಿಟಿಷ್ ಯುದ್ಧ ಕಚೇರಿ 1916ರ ಫೆಬ್ರವರಿಯಲ್ಲಿ ಕಾರ್ಯಾಚರಣೆಯನ್ನು ತಾನೇ ವಹಿಸಿಕೊಂಡಿತು. ಆಗಸ್ಟಿನಲ್ಲಿ ಸೇನೆಯ ಮುಖ್ಯಸ್ಥನಾದ ಜನರಲ್ ಮಾಡ್ ಬಸ್ರಾದಲ್ಲಿ ಕಟ್ಟೆ, ರೈಲು, ಸ್ಟೀಮರು ಸಜ್ಜಾಗುವವರೆಗೆ ತಿಂಗಳುಗಟ್ಟಲೆ ಕದಲಲಿಲ್ಲ. 1917ರ ಮಾರ್ಚ್ 11ರಂದು ಬಾಗ್ದಾದ್ ಅವನ ಕೈಗೆ ಬಂತು.

ಈಗಿನ ಹಂಚಿಕೆ

ಭಾರತೀಯ ಭೂಸೇನೆಯಲ್ಲಿ ಪಡಿತರ, ಇಂಧನ ಮತ್ತು ಸಾಗಣೆ ಆರ್ಮಿ ಸರ್ವಿಸ್ ಕೋರ್‌ನದು. ಮದ್ದುಗುಂಡು, ಬಟ್ಟೆ, ಬಿಡಿಭಾಗಗಳು ಆರ್ಡ್ನನ್ಸ್ ಕೋರ್‌ನವು. ದುರಸ್ತಿ, ವೈದ್ಯಕೀಯ, ರಸ್ತೆ ಸೇತುವೆಗಳಿಗೆ ಬೇರೆ ಬೇರೆ ಕೋರ್‌ಗಳಿವೆ. ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಮತ್ತು ಕಾಲೇಜು ಬೆಂಗಳೂರಿನಲ್ಲಿದೆ. ಕೆಡದ ಸಿದ್ಧ ಆಹಾರ ರೂಪಿಸುವ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ಮೈಸೂರಿನಲ್ಲಿದೆ. ಶ್ರೀಲಂಕಾದಲ್ಲಿ 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ಇದ್ದ ಭಾರತದ ಶಾಂತಿಪಾಲನಾ ಪಡೆಗೆ ಸಮುದ್ರ ದಾಟಿ, ನೆಲಬಾಂಬು ಹೂತ ರಸ್ತೆಗಳಲ್ಲಿ ಸಾಮಾನು ಮುಟ್ಟಿಸಬೇಕಾಗಿತ್ತು. ಸ್ವತಂತ್ರ ಭಾರತಕ್ಕೆ ಹೊರನಾಡಿನ ಸರಬರಾಜಿನ ದೊಡ್ಡ ಅನುಭವ ಅದೇ.

ಹೊಣೆಯನ್ನು ಬರಹದಲ್ಲಿ ಅತಿ ಸ್ಪಷ್ಟವಾಗಿ ಹಂಚಿರುವುದು ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ. 1996ರಿಂದ ಜಾರಿಯಲ್ಲಿರುವ ಪದ್ಧತಿಯಂತೆ ಪ್ರತಿ ದೇಶದ ಜೊತೆ ಒಪ್ಪಂದ ಪತ್ರ ಆಗುತ್ತದೆ. ಆಹಾರ ಸಾಮಗ್ರಿ, ನೀರು, ಇಂಧನಗಳನ್ನು ಸಾಮಾನ್ಯವಾಗಿ ವಿಶ್ವಸಂಸ್ಥೆ ಒದಗಿಸುತ್ತದೆ. ಅಡುಗೆ, ಬಟ್ಟೆ ಒಗೆತ, ಡೇರೆ, ಸಂಪರ್ಕ ಮೊದಲಾದವನ್ನು ಪಡೆ ಕಳಿಸಿದ ದೇಶ ನೋಡಿಕೊಂಡು ತಲೆಗೆ ಇಷ್ಟೆಂದು ಮರುಪಾವತಿ ಪಡೆಯುತ್ತದೆ. ವಾಹನ, ಯಂತ್ರಗಳಿಗೆ ಎರಡು ಬಗೆಯ ಬಾಡಿಗೆ. ದುರಸ್ತಿಯ ಹೊಣೆಯೂ ಕಳಿಸಿದ ದೇಶದ್ದೇ ಆದರೆ ಹೆಚ್ಚಿನ ದರ, ಇಲ್ಲವಾದರೆ ಕಡಿಮೆ. ಮೂರು ತಿಂಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಒಪ್ಪಿದ ವಾಹನಗಳಲ್ಲಿ ನೂರಕ್ಕೆ ತೊಂಬತ್ತು ಓಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಆ ಅವಧಿಯ ಬಾಡಿಗೆಯಲ್ಲಿ ಕಡಿತವಾಗುತ್ತದೆ.